ಸತ್ಯಾಂಶ: ಮಾರುವ ಮುಂಚೆ ಮನೆಗೆ ಹಾಕಿದ ದುಡ್ಡು ದುಪ್ಪಟ್ಟಾಗುತ್ತದೆಯೇ?

"ಮನೆ ಮಾರುವ ಮುಂಚೆ 5 ಲಕ್ಷ ಹಾಕಿ ಮಾಡ್ಯುಲರ್ ಕಿಚನ್, ಹೊಸ ಟೈಲ್ಸ್ ಮಾಡಿಸಿ, 10 ಲಕ್ಷ ಜಾಸ್ತಿ ಸಿಗುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅಂಥ ಖಾತರಿ ಲೆಕ್ಕ ಯಾವುದೂ ಇಲ್ಲ.

ಬೆಂಗಳೂರಿನ ಹಳೇ ಬಡಾವಣೆಯ 30×40 ಸೈಟಿನ ಮನೆಯನ್ನೇ ನೋಡಿ. ಅಲ್ಲಿ ಬೆಲೆಯ ಬಹುಪಾಲು ನೆಲದ್ದು. ಕೊಳ್ಳುವವರು ಕೆಡವಿ ಹೊಸದಾಗಿ ಕಟ್ಟುವವರಾದರೆ ನಿಮ್ಮ ಗ್ರಾನೈಟ್‌ಗೆ ಬಿಡಿಗಾಸೂ ಹುಟ್ಟುವುದಿಲ್ಲ. ಫ್ಲಾಟಿನ ಮಾತು ಬೇರೆ. ಗೋಡೆಯ ತೇವ, ಸೋರುವ ಬಾತ್‌ರೂಮು, ಮಾಸಿದ ಬಣ್ಣ ಕಂಡರೆ ಜನ ಚೌಕಾಸಿಗೆ ಇಳಿಯುತ್ತಾರೆ. ಅಷ್ಟನ್ನು ಸರಿ ಮಾಡಿಸಿದರೆ ಸಾಕು. ಆದರೆ ಸೋರಿಕೆ ನಿಲ್ಲಿಸದೆ ಮೇಲೆ ಸುಮ್ನೆ ಬಣ್ಣ ಬಳಿಯಬೇಡಿ, ಅದು ಕೊಳ್ಳುವವರಿಗೆ ಮಾಡುವ ಮೋಸ.

ಅದಕ್ಕಿಂತ ಮೊದಲು ಕಾಗದಪತ್ರ ಸರಿಯಿರಲಿ. ಬೆಂಗಳೂರಿನಲ್ಲಿ ಈಗ ಇ-ಖಾತಾ (ಪಾಲಿಕೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ) ಇಲ್ಲದೆ ಮಾರಾಟದ ನೋಂದಣಿಯೇ ಆಗುವುದಿಲ್ಲ. ಅಡುಗೆಮನೆ ಎಷ್ಟು ಚೆಂದವಿದ್ದರೇನು, ವ್ಯವಹಾರ ಅಲ್ಲೇ ನಿಲ್ಲುತ್ತದೆ ಅಲ್ವಾ?

"ಬಣ್ಣದ ಬಿಲ್ ತೋರಿಸಿ ಟ್ಯಾಕ್ಸ್ ಉಳಿಸಿ" ಎಂಬ ಮಾತನ್ನೂ ಹಾಗೇ ನಂಬಬೇಡಿ. ಕ್ಯಾಪಿಟಲ್ ಗೇನ್ಸ್, ಅಂದರೆ ಮನೆ ಮಾರಿ ಬಂದ ತೆರಿಗೆ ಬೀಳುವ ಲಾಭದ, ಲೆಕ್ಕದಲ್ಲಿ ಹೊಸ ರೂಮು, ಮಹಡಿಯಂಥ ಸೇರ್ಪಡೆಯ ಖರ್ಚನ್ನು ಕಳೆಯಬಹುದು. ಮಾಮೂಲಿ ರಿಪೇರಿ, ಸುಣ್ಣ ಬಣ್ಣ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಬಿಲ್ಲುಗಳನ್ನು ಎತ್ತಿಟ್ಟು, ಮಾರುವ ಮೊದಲೇ ಆಡಿಟರಿಗೆ ತೋರಿಸಿ.