ಕ್ಯೂ ಮುಗಿದ ಮೇಲೆ ಸಿಗುವ ಅಳತೆಗೋಲು

ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿ ಎತ್ತರ ಅಳೆಯುವ ಪಟ್ಟಿಯನ್ನು ಕ್ಯೂವಿನ ಕೊನೆಯಲ್ಲಿ ನಿಲ್ಲಿಸುವ ಬುದ್ಧಿವಂತಿಕೆ ಯಾರದ್ದೋ! ಮಗು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಮೆಟ್ಟಿಲು ಹತ್ತಿದ ಮೇಲೆ '140 ಸೆಂ.ಮೀ. ಇಲ್ಲ, ವಾಪಸ್ ಹೋಗಿ' ಅಂತಾರೆ. ನಿಯಮ ತಪ್ಪಲ್ಲ. ಭುಜದ ಮೇಲೆ ಬೀಳುವ ಲಾಕು ದೊಡ್ಡವರ ಮೈ ಅಳತೆಯದ್ದು. ಸಣ್ಣ ಮೈ ಅದರಡಿ ಜಾರುತ್ತದೆ. ಆದರೆ ಟಿಕೆಟ್ ಕೌಂಟರಿನಲ್ಲೇ ಚಪ್ಪಲಿ ಬಿಚ್ಚಿಸಿ ಒಂದೇ ಸಲ ಅಳೆದು, ಕೈಗೆ ಬಣ್ಣದ ಪಟ್ಟಿ ಕಟ್ಟಿದರೆ ಮುಗೀತಲ್ಲ? ಈಗ ಒಂದು ರೈಡಿನವರು ಶೂ ಸಮೇತ ಅಳೆಯುತ್ತಾರೆ, ಇನ್ನೊಂದರವರು ಬಿಚ್ಚಿಸುತ್ತಾರೆ. ಶೂ ಅಟ್ಟೆಯೇ ಎರಡು ಸೆಂ.ಮೀ. ದಪ್ಪ. ಅಳು ಗ್ಯಾರಂಟಿ.

ಇನ್ನು ಅಜ್ಜಿ-ತಾತಂದಿರು. ಅವರೂ ದುಡ್ಡು ಕೊಟ್ಟೇ ಒಳಗೆ ಬಂದಿರುತ್ತಾರೆ. ದಿನವಿಡೀ ಮಾಡುವ ಕೆಲಸ ಬ್ಯಾಗ್ ಕಾಯುವುದು. ಬೆಂಚು ಕಲ್ಲಿನದು. ಒರಗಲು ಆಸರೆಯಿಲ್ಲ, ಏಳುವಾಗ ಊರಲು ಕೈಯಿಲ್ಲ, ಮರದ ನೆರಳು ಹತ್ತಡಿ ಆಚೆ. ನೀರಾಟದ ಕಡೆ ಏಪ್ರಿಲ್ ಮಧ್ಯಾಹ್ನದ ಕಾಂಕ್ರೀಟು ಥೇಟ್ ದೋಸೆ ಕಾವಲಿ. ಬರಿಗಾಲಲ್ಲೇ ನಡೀರಿ ಅನ್ನುವವರು ಹಾದಿಗೆ ಮರಳು ಬೆರೆಸಿದ ಬಿಳಿ ಪೇಂಟ್ ಬಳಿಯಬೇಕಪ್ಪ (ಮರಳಿಲ್ಲದಿದ್ದರೆ ಒದ್ದೆ ಕಾಲು ಜಾರುತ್ತದೆ), ಮೇಲೆ ಶೇಡ್ ನೆಟ್ ಕಟ್ಟಬೇಕು. ಅದೂ ಆಗದಿದ್ದರೆ ಆಗಾಗ ಪೈಪಿನಿಂದ ನೀರಾದರೂ ಹೊಡೆಯಲಿ.

ನೀರಾಟಕ್ಕೆ ಹತ್ತಿ ಬಟ್ಟೆ ಬೇಡ ಎನ್ನುವುದೂ ಸರಿಯೇ, ಎಳೆ ಬಿಟ್ಟು ನೀರಿನ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತೆ. ಹಾಗಂತ ಅದನ್ನು ಟಿಕೆಟ್ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದು, ಒಳಗೆ ನೈಲಾನ್ ಬಟ್ಟೆ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ. ಅಲ್ಲೂ ಸೀರೆ ಉಟ್ಟು ಬಂದ ಅಜ್ಜಿಯ ಅಳತೆಯದ್ದು ಮಾತ್ರ ಇರಲ್ಲ.