ಹಾರ್ಡನರ್ ಜಾಸ್ತಿ ಹಾಕಿದರೆ ಎಪಾಕ್ಸಿ ಬೇಗ ಗಟ್ಟಿಯಾಗಲ್ಲ

ಮೀನು ಹಿಡಿಯೋ ನಕಲಿ ಆಮಿಷವಾದ ಲೂರ್‌ಗಳನ್ನು ಮನೆಯಲ್ಲೇ ಮಾಡಿ ಬಣ್ಣ ಹಚ್ಚುವವರ ನಡುವೆ ಒಂದು ಮಾತು ಓಡಾಡುತ್ತಿದೆ: ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್‌ಗೆ ಎಪಾಕ್ಸಿ ಕಲಸುವಾಗ (ರೆಸಿನ್ ಅನ್ನೋ ಅಂಟುದ್ರವಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸುವಾಗ) ಹಾರ್ಡನರ್ ಸ್ವಲ್ಪ ಜಾಸ್ತಿ ಸುರಿದರೆ ಬೇಗ ಒಣಗಿ ಕಲ್ಲಿನಂತಾಗುತ್ತದೆ ಅಂತ. ಇದು ತಪ್ಪು.

ಪಾಲಿಯೆಸ್ಟರ್ ರೆಸಿನ್ ಬಳಸಿದವರಿಗೆ ಹೀಗನ್ನಿಸುವುದು ಸಹಜ, ಯಾಕಂದ್ರೆ ಅಲ್ಲಿ ಗಟ್ಟಿಯಾಗುವ ಕ್ರಿಯೆ ಶುರುಮಾಡುವ ಕ್ಯಾಟಲಿಸ್ಟ್ ಒಂದೆರಡು ಹನಿ ಹೆಚ್ಚಾದರೆ ನಿಜಕ್ಕೂ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿ ಹಾಗಲ್ಲ. ಇಲ್ಲಿ ಹಾರ್ಡನರ್ ರೆಸಿನ್ ಜೊತೆಗೇ ಬೆಸೆದುಕೊಳ್ಳಬೇಕು, ಜೋಡಿ ಸಿಗದೆ ಮಿಕ್ಕಿದ್ದು ಕೋಟ್ ಒಳಗೇ ಉಳಿದು ಅದನ್ನು ಮೆತ್ತಗೆ ಮಾಡುತ್ತದೆ. ನಾನೂ ಒಮ್ಮೆ ಕಣ್ಣಂದಾಜಲ್ಲಿ ಕಲಸಿದ್ದೆ. ವಾರ ಕಳೆದ ಮೇಲೂ ಉಗುರು ಒತ್ತಿದರೆ ಗುರುತು ಮೂಡುತ್ತಿತ್ತು, ಡಬ್ಬಿಯಲ್ಲಿ ಪಕ್ಕದ ಲೂರ್‌ಗೂ ಅಂಟಿಕೊಂಡಿತ್ತು!

ಡಬ್ಬದ ಮೇಲೆ 1:1 ಅಂತಿದ್ದರೆ 1:1 ಅಷ್ಟೇ. ಅದು ಗಾತ್ರದ (ಮಿಲಿ) ಲೆಕ್ಕವೋ ತೂಕದ ಲೆಕ್ಕವೋ ಅಂತಲೂ ನೋಡಿ, ಎರಡೂ ಒಂದೇ ಅಲ್ಲ. ಕಲಸುವಾಗ ಕಪ್ಪಿನ ಅಂಚು, ತಳ ಎಲ್ಲ ಕೆರೆದು ಸೇರಿಸಿ.

ಬೇಗ ಆಗಬೇಕಾ? ಬೆಚ್ಚಗಿನ ಜಾಗದಲ್ಲಿಡಿ. ಹರಿಯುವುದು ನಿಲ್ಲುವ ತನಕ ಲೂರ್ ತಿರುಗುತ್ತಲೇ ಇರಲಿ, ಇಲ್ಲದಿದ್ದರೆ ಹೊಟ್ಟೆಯ ಕೆಳಗೆ ಹನಿ ಜೋತುಬೀಳುತ್ತದೆ. ಅಷ್ಟೂ ತಾಳ್ಮೆ ಇಲ್ಲ ಅನ್ನುವವರಿಗೆ ಯುವಿ ರೆಸಿನ್ ಇದೆ, ಯುವಿ (ನೇರಳಾತೀತ) ದೀಪ ಹಿಡಿದರೆ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವು ಯುವಿ ರೆಸಿನ್ ಆಮೇಲೂ ಮೇಲ್ಗಡೆ ಸ್ವಲ್ಪ ಜಿಗುಟಾಗಿರುತ್ತದೆ, ಅದು ಗಾಳಿಯ ಆಮ್ಲಜನಕದ ಕಿತಾಪತಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೋಗುತ್ತದೆ.