ಮೂರನೇ ತಟ್ಟೆಗೆ ಐದು ಡಾಲರ್

ಕಾರ್ನಿವಲ್ ಎಂಬ ವಿಹಾರ ಹಡಗು ಕಂಪನಿಯವರ ಐದು ಡಾಲರ್ ಪುರಾಣ ಕೇಳಿದ್ದೀರಾ? ರಾತ್ರಿಯೂಟದ ಹಾಲ್‌ನಲ್ಲಿ ಎರಡು ಮೇನ್ ಕೋರ್ಸ್ ಟಿಕೆಟ್‌ನಲ್ಲೇ ಸೇರಿವೆ, ಮೂರನೆಯದು ಬೇಕೆಂದರೆ ತಟ್ಟೆಗೆ 5 ಡಾಲರ್. ಅನ್ನ ದಂಡವಾಗಬಾರದಲ್ಲ, ಅದಕ್ಕಂತೆ. ಎಂಥ ಕಾಳಜಿ! ಹೊಟ್ಟೆಬಾಕರನ್ನು ದಾರಿಗೆ ತರುವ ಧೈರ್ಯ ಕೊನೆಗೂ ಒಬ್ಬರು ಮಾಡಿದರಲ್ಲ ಎಂದು ಕೈಮುಗಿಯುವ ಮೊದಲು, ಆ ತಟ್ಟೆಯನ್ನೊಮ್ಮೆ ನೋಡಿಬಿಡೋಣ.

ತಟ್ಟೆ ದೊಡ್ಡದೇ. ಅದರ ಬಗ್ಗೆ ತಕರಾರಿಲ್ಲ. ಬಿಳಿ ಪಿಂಗಾಣಿ, ಅಗಲವಾದ ಅಂಚು. ನಡುವೆ ಒಂದು ಮೀನಿನ ತುಂಡು ಧ್ಯಾನಕ್ಕೆ ಕೂತಿರುತ್ತದೆ. ಪಕ್ಕದಲ್ಲಿ ಐಸ್‌ಕ್ರೀಂ ಸ್ಕೂಪಿನಲ್ಲಿ ಅಳೆದು ಇಟ್ಟ ಆಲೂಗಡ್ಡೆ ಮುದ್ದೆ, ಎಣಿಸಿ ಹಾಕಿದ ಬೀನ್ಸ್, ಸುತ್ತಲೂ ಸಾಸ್‌ನಲ್ಲಿ ಎಳೆದ ಅರ್ಧಚಂದ್ರ. ಅಳತೆ ತಪ್ಪುವ ಮಾತೇ ಇಲ್ಲ: ಮೀನು ಮಾಂಸ ತೂಗಿಯೇ ಕತ್ತರಿಸಿದ್ದು, ಮುದ್ದೆಗೆ ಸ್ಕೂಪು, ಸಾಸ್‌ಗೆ ಅಳತೆ ಸೌಟು. ಒಂದೇ ರಾತ್ರಿ ಸಾವಿರಾರು ತಟ್ಟೆ ಹೊರಡಬೇಕಾದ ಅಡುಗೆಮನೆಯಲ್ಲಿ ಭಟ್ಟರ ಕೈಗುಣ ನಂಬಿ ಕೂರಲಾಗುವುದಿಲ್ಲ, ಒಪ್ಪೋಣ. ಆದರೆ ಸ್ಕೂಪಿನ ಗಾತ್ರವನ್ನು ಆರಿಸಿದವರು ಪ್ರಯಾಣಿಕರಲ್ಲ. ಒಂದು ತಟ್ಟೆಗೆ ಹಸಿವು ಎಚ್ಚರಾಗುತ್ತದೆ, ಎರಡಕ್ಕೆ ಎದ್ದು ಕೂರುತ್ತದೆ. ಸರಿಯಾಗಿ ಆ ಹೊತ್ತಿಗೆ ಸುಂಕದಕಟ್ಟೆ!

ಇನ್ನೊಂದು ತಮಾಷೆ. ಸುಂಕ ಇರುವುದು ಮೇನ್ ಕೋರ್ಸ್‌ಗೆ ಮಾತ್ರ. ಸ್ಟಾರ್ಟರ್, ಸೂಪು, ಸಿಹಿ ಎಷ್ಟು ಬಾರಿ ಕೇಳಿದರೂ ಪುಕ್ಕಟೆ. ಸಿಗಡಿ ಕಾಕ್‌ಟೇಲ್ ನಾಲ್ಕು ಬಟ್ಟಲು ತರಿಸಿಕೊಂಡರೆ ನೀವು ರಸಿಕರು. ಅಂಗೈಯಗಲದ ಕೋಳಿ ಮೂರನೇ ಬಾರಿ ಕೇಳಿದರೆ ಪರಿಸರದ್ರೋಹಿ. ಬಲ್ಲವರು ಸ್ಟಾರ್ಟರುಗಳನ್ನೇ ಜೋಡಿಸಿ ಊಟ ಮುಗಿಸುತ್ತಾರೆ. ಸಸ್ಯಾಹಾರಿಗಳ ಪುಣ್ಯ ಬೇರೆ: ಮೆನುವಿನ ಮೂಲೆಯಲ್ಲಿ ‘ಇಂಡಿಯನ್ ವೆಜಿಟೇರಿಯನ್’ ಎಂದಿರುವುದನ್ನು ಹೇಳಿದರೆ ಅನ್ನ, ಬೇಳೆ, ತರಕಾರಿ ಒಟ್ಟಿಗೇ ಬರುತ್ತವೆ. ಅನ್ನಕ್ಕೆ ಅರ್ಧಚಂದ್ರ ಎಳೆಯುವುದು ಇನ್ನೂ ಯಾರಿಗೂ ಹೊಳೆದಿಲ್ಲ.

ಅನ್ನ ದಂಡವಾಗುವ ಮಾತಿಗೆ ಬರೋಣ. ಊಟದ ಹಾಲ್‌ನಲ್ಲಿ ಮೂರನೇ ತಟ್ಟೆಗೆ ಪಾಪಪ್ರಜ್ಞೆ ಮಾರುವ ಹಡಗಿನಲ್ಲೇ, ಮೇಲಿನ ಡೆಕ್ಕಿನ ಬಫೆಯಲ್ಲಿ ಜನ ಪಿಜ್ಜಾದ ಮೇಲೆ ಪ್ಯಾನ್‌ಕೇಕ್, ಅದರ ಮೇಲೆ ಕಲ್ಲಂಗಡಿ ಪೇರಿಸಿಕೊಂಡು, ಎರಡು ತುತ್ತು ತಿಂದು ಎದ್ದು ಹೋಗುತ್ತಾರೆ. ಅಲ್ಲಿ ಎಣಿಸುವವರಿಲ್ಲ. ಉಳಿದದ್ದಕ್ಕೆ ನಿಯಮವಿದೆ. ಹಡಗುಗಳು ಕಡಲನ್ನು ಕೆಡಿಸದಂತೆ ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಐದನೇ ಅನುಬಂಧದ ಪ್ರಕಾರ ಕೆರಿಬಿಯನ್‌ನಂಥ ವಿಶೇಷ ವಲಯದಲ್ಲಿ ಎಂಜಲನ್ನು 25 ಮಿಲಿಮೀಟರ್ ಜಾಲರಿಯಲ್ಲಿ ತೂರುವಷ್ಟು ಸಣ್ಣಗೆ ಅರೆದು, ದಡದಿಂದ 12 ನಾಟಿಕಲ್ ಮೈಲಿ ಆಚೆಗೆ ಸುರಿಯಬೇಕು. ಊಟದ ಹಾಲ್‌ನ ಕೆಲವು ಖಾದ್ಯಗಳು ಅರೆಯದೆಯೇ ಆ ಜಾಲರಿಯಲ್ಲಿ ತೂರಿಹೋಗುತ್ತವೆ. ಈಗಂತೂ ಎಂಜಲನ್ನು ಕರಗಿಸುವ ಬಯೋಡೈಜೆಸ್ಟರ್ ಯಂತ್ರಗಳೂ ಬಂದಿವೆ. ಅದರೊಳಗಿನ ಸೂಕ್ಷ್ಮಾಣುಗಳಿಗೆ ಮೂರನೇ ತಟ್ಟೆಗೂ ಬಿಲ್ ಇಲ್ಲ.

ಇನ್ನೊಂದು ಹಡಗು ಕಂಪನಿ ರಾಯಲ್ ಕೆರಿಬಿಯನ್‌ನವರದು ಇನ್ನೂ ನಾಜೂಕು. ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಕಡಲಜೀವಿಯನ್ನು ಬಡಿಸುವ ರಾತ್ರಿ ಮೊದಲ ಬಾಲ ಉಚಿತ. ಎರಡನೆಯದಕ್ಕೆ 16.99 ಡಾಲರ್, ಮೇಲೆ ಶೇ. 18 ಟಿಪ್ಸ್. ಲೆಕ್ಕ ಹಾಕಿದರೆ 20 ಡಾಲರ್ ದಾಟಿತು. ಅಷ್ಟು ಕೊಟ್ಟು ತರಿಸಿದ ಬಾಲ ರಬ್ಬರಿನಂತೆ ಜಗ್ಗುತ್ತದೆ ಎಂದು ಗೊಣಗಬೇಡಿ, ಅದಕ್ಕೂ ಕಾರಣವಿದೆ. ಇಡೀ ಹಾಲ್ ಅದೊಂದನ್ನೇ ಅರ್ಧ ಗಂಟೆಯೊಳಗೆ ಕೇಳುತ್ತದೆ. ಬಾಲಗಳನ್ನು ಸೀಳಿ, ಬೆಣ್ಣೆ ಸವರಿ, ಟ್ರೇಗಟ್ಟಲೆ ಒಲೆಗೆ ತಳ್ಳಿ, ಬೆಂದ ಮೇಲೆ ಬಿಸಿ ಪೆಟ್ಟಿಗೆಯಲ್ಲಿ ಕಾಯಿಸಿಡುತ್ತಾರೆ. ಲಾಬ್‌ಸ್ಟರ್ ಮಾಂಸಕ್ಕೆ ಕಾಯುವ ಗುಣವಿಲ್ಲ. ಬಿಸಿಯಲ್ಲಿ ಕೂತಷ್ಟೂ ನೀರು ಬಿಟ್ಟು ಬಿಗಿಯುತ್ತದೆ. ಪಂಕ್ತಿಯ ಮೊದಲ ಹದಿನೈದು ನಿಮಿಷದಲ್ಲಿ ಸಿಕ್ಕಿದವರು ಭಾಗ್ಯವಂತರು.

ಈ ನಡುವೆ ಕುಣಿತ. ಹೌದು, ಕುಣಿತ. ಸಿಹಿ ಬರುವ ಮೊದಲು ಹಾಡು ಜೋರಾಗಿ, ವೇಟರುಗಳು ಕುರ್ಚಿಗಳ ಸಂದಿಯಲ್ಲಿ ಸೊಂಟ ತಿರುಗಿಸುತ್ತಾರೆ. ಪ್ರಯಾಣಿಕರು ತುಟಿ ಒರೆಸಿದ ನ್ಯಾಪ್‌ಕಿನ್ನನ್ನೇ ತಲೆಯ ಮೇಲೆ ಗಿರಗಿರ ತಿರುಗಿಸುತ್ತಾರೆ. ಪಕ್ಕದ ಮೇಜಿನವರ ಸಾಸ್ ನಿಮ್ಮ ಕನ್ನಡಕದ ಮೇಲೆ. ಅಷ್ಟು ಹೊತ್ತಿಗೆ ಕಾಫಿ ಕೇಳಿದವನ ಗತಿ ದೇವರಿಗೇ ಪ್ರೀತಿ. ಅಡುಗೆಮನೆಗೆ ಸಿಹಿ ಜೋಡಿಸಲು ಪುರುಸೊತ್ತು ಸಿಗಲೆಂದೇ ಈ ಕುಣಿತ ಹುಟ್ಟಿರಬೇಕು ಎಂದು ನನ್ನ ಗುಮಾನಿ. ಅನ್ನ ಬೇಯುವ ತನಕ ಹರಿಕಥೆ ಎಳೆದಂತೆ. ದಾಸರಿಗಾದರೂ ಕೊನೆಗೆ ಶಾಲು ಹೊದೆಸುತ್ತಿದ್ದರು. ಇವರು ಕುಣಿದು ಮುಗಿಸಿ ಎಂಜಲು ತಟ್ಟೆ ಎತ್ತಬೇಕು.

ಆ ವೇಟರನ ಕೆಲಸವಾದರೂ ಏನು? ನಿಮ್ಮ ಮಾತನ್ನು ಟ್ಯಾಬ್ಲೆಟ್‌ನಲ್ಲಿ ಒತ್ತಿ ಗ್ಯಾಲಿಗೆ, ಅಂದರೆ ಹಡಗಿನ ಅಡುಗೆಮನೆಗೆ, ಓಡಬೇಕು. ತಣ್ಣನೆಯ ಸ್ಟಾರ್ಟರಿಗೆ ಒಂದು ಸಾಲು, ಬಿಸಿ ಖಾದ್ಯಕ್ಕೆ ಇನ್ನೊಂದು. ಮುಚ್ಚಳ ಹಾಕಿದ ಹತ್ತು ಹನ್ನೆರಡು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಹೆಗಲ ಮೇಲೆ ಟ್ರೇ ಹೊತ್ತು, ಅಲುಗುವ ಹಡಗಿನಲ್ಲಿ ಬರಬೇಕು. ಎಂಟು ಜನರ ಮೇಜಿನಲ್ಲಿ ಒಬ್ಬರು ನಡುವೆ ‘ಇನ್ನೊಂದು ತಂದುಬಿಡಪ್ಪ’ ಎಂದರೆ ಮತ್ತೆ ಸಾಲಿನ ಬಾಲಕ್ಕೆ ನಿಲ್ಲಬೇಕು. ಉಳಿದ ಏಳು ಜನ ಸಿಹಿಗಾಗಿ ಬಾಗಿಲು ನೋಡುತ್ತ ಕೂತಿರುತ್ತಾರೆ. ಎರಡು ಬೇಕಿದ್ದರೆ ಮೊದಲೇ ಒಟ್ಟಿಗೆ ಹೇಳಿ ಎನ್ನುವುದು ಅದಕ್ಕೇ. ಐದು ಡಾಲರ್ ಕೇಳುವ ಮುಜುಗರವೂ ಅವನದೇ. ನಿಯಮ ಮಾಡಿದವರು ಮಯಾಮಿಯ ಕಚೇರಿಯಲ್ಲಿದ್ದಾರೆ, ಅವರ ಮುಂದೆ ಯಾರೂ ಖಾಲಿ ತಟ್ಟೆ ಹಿಡಿದು ನಿಲ್ಲುವುದಿಲ್ಲ.

2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ ಒಂದು ಸಾಲಿದೆ. ಹಡಗು ನೋಂದಾಯಿಸಿದ ದೇಶ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ವಾರಕ್ಕೆ ಹೆಚ್ಚೆಂದರೆ 72 ಗಂಟೆ ದುಡಿಮೆ, ಇಲ್ಲವೇ ಕಡಿಮೆಯೆಂದರೆ 77 ಗಂಟೆ ವಿಶ್ರಾಂತಿ. ವಾರಕ್ಕೆ 168 ಗಂಟೆ. ಎರಡನೆಯದನ್ನು ಕಳೆದು ನೋಡಿ, 91 ಉಳಿಯುತ್ತದೆ. ಅದನ್ನೂ ಕಾನೂನು ಎಂದೇ ಕರೆಯುತ್ತಾರೆ. ಆರೆಂಟು ತಿಂಗಳ ಕಾಂಟ್ರ್ಯಾಕ್ಟ್‌ನಲ್ಲಿ ಭಾನುವಾರ ಎನ್ನುವುದೇ ಇಲ್ಲ. ಇಲ್ಲಿ ತಮಾಷೆ ಮಾಡಲು ನನಗೆ ಮನಸ್ಸಿಲ್ಲ. ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಟಿಪ್ಸ್ ಬಿಲ್‌ಗೆ ತಾನಾಗಿಯೇ ಏರುತ್ತದೆ, ಸಂಬಳದ ಭಾರ ಹೀಗೆ ನಿಮ್ಮ ತಲೆಗೆ ಬರುತ್ತದೆ. ಕೊನೆಯ ದಿನ ಕೌಂಟರಿಗೆ ಹೋಗಿ ಅದನ್ನೂ ತೆಗೆಸಿ ಬರುವ ಜಾಣರಿದ್ದಾರೆ. ಸ್ಕೂಪು ಸಣ್ಣದಾದ ಸಿಟ್ಟನ್ನು ಸ್ಕೂಪು ಹಿಡಿಯದವನ ಮೇಲೆ ತೀರಿಸಿಕೊಳ್ಳುತ್ತಾರೆ. ಆಮೇಲೆ ಸಮೀಕ್ಷೆಯಲ್ಲಿ ಹತ್ತಕ್ಕೆ ಆರು.

ಹಡಗಿನವರ ಎದೆಯ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ದೇಶವೂ ಇರುತ್ತದೆ. ‘ಇಂಡಿಯಾ’ ಎಂದಿದ್ದರೆ ಊರು ಯಾವುದೆಂದು ವಿಚಾರಿಸಿ, ಮಂಗಳೂರೋ ಉಡುಪಿಯೋ ಇದ್ದೀತು. ಹಾಗಿದ್ದರೆ ತುಳುವಿನಲ್ಲಿ ‘ಒಣಸ್ ಆಂಡಾ?’, ಊಟ ಆಯಿತಾ, ಎಂದೊಮ್ಮೆ ಕೇಳಿ. ಉತ್ತರಕ್ಕೆ ಮಾತ್ರ ಎರಡನೇ ಪಂಕ್ತಿ ಎದ್ದು, ಮೇಜುಗಳು ಮರುದಿನದ ತಿಂಡಿಗೆ ಸಜ್ಜಾಗುವ ತನಕ ಕಾಯಬೇಕಾದೀತು.